ಬಿಸಿಲನ್ನು ತಾಳುವ ಪರದೇಶದ ಬಳ್ಳಿ

ಬೆಂಗಳೂರಿನ ಉದ್ಯಾನಗಳಲ್ಲಿ ನೆಲಕ್ಕಂಟಿಕೊಂಡು ಹಬ್ಬುವ, ಹಳದಿಯ ಪುಟ್ಟ ಹೂಗಳನ್ನು ತಳೆಯುವ ಸಸ್ಯವೊಂದನ್ನು ವಾಚಕರು ಕಂಡಿರಬಹುದು. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಇದರ ಶಾಸ್ತ್ರೀಯ ನಾಮ ಸ್ಫ್ಯಾಗ್ನೆಟಿಕೋಲ ಟ್ರೈಲೊಬೇಟ. ಹಿಂದೆ ಇದನ್ನು ವೆಡೀಲಿಯ ಎಂದು ಕರೆಯುತ್ತಿದ್ದರು. ತೋಟಗಾರರು ಇಂದಿಗೂ ಆ ಹೆಸರನ್ನು ಬಿಟ್ಟಿಲ್ಲವಾದುದರಿಂದ ನಾವೂ ಅದನ್ನೇ ಇಟ್ಟುಕೊಳ್ಳೋಣ. ಇದರ ತವರು ಅಮೆರಿಕದ ಉಷ್ಣವಲಯ. 1970ರ ದಶಕದಲ್ಲಿ ಅಲಂಕಾರಕ್ಕೆಂದು ದಕ್ಷಿಣ ಚೀನಕ್ಕೆ ಬಂದ ಈ ಬಳ್ಳಿ ಬಹುಬೇಗ ತೋಟದ ಬೇಲಿಯನ್ನು ದಾಟಿತು. ಪ್ರಪಂಚದ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈಗ ಇದಕ್ಕೂ ಸ್ಥಾನವುಂಟು.

ದಕ್ಷಿಣ ಚೀನದಲ್ಲಿಯೇ ಇದರ ದಾಯಾದಿಯೊಂದು ಮೊದಲಿನಿಂದಲೂ ನೆಲೆಸಿದೆ. ಅದು ವೆಡೀಲಿಯ ಚೈನೆನ್ಸಿಸ್. ಭಾರತದಲ್ಲಿಯೂ ಬೆಳೆಯುವ ಆ ಸಸ್ಯವನ್ನು ನಮ್ಮ ವೈದ್ಯರು ಪೀತಭೃಂಗರಾಜವೆಂದು ಕರೆಯುತ್ತಾರೆ. ಇಂತಹ ಜೋಡಿ ದೊರೆತರೆ ಸಸ್ಯವಿಜ್ಞಾನಿಗೆ ಸುಗ್ಗಿಯೇ ಸರಿ. ಆಲದ ಮರವನ್ನು ಗರಿಕೆಯೊಡನೆ ಹೋಲಿಸಿದರೆ ನೂರಾರು ವ್ಯತ್ಯಾಸಗಳು ಕಾಣುತ್ತವೆ. ಗೆಲುವಿಗೆ ಯಾವುದು ಕಾರಣವೆಂದು ಹೇಳುವುದು ಹೇಗೆ? ಹತ್ತಿರದ ಸಂಬಂಧಿಗಳಲ್ಲಿ ವ್ಯತ್ಯಾಸಗಳು ಕಡಿಮೆ, ಹುಡುಕಾಟವೂ ಸುಲಭ.

ಈಗ ಬಿಸಿಯ ವಿಚಾರ. ಎಲೆಯ ಹಸಿರು ಕಣಗಳಲ್ಲಿರುವ ತೆಳು ಪೊರೆಗಳ ಮೇಲೆ ಬೆಳಕನ್ನು ಹಿಡಿಯುವ ಎರಡು ವ್ಯೂಹಗಳಿವೆ. ಇವುಗಳಲ್ಲಿ 'ಎರಡನೆಯ ದ್ಯುತಿವ್ಯೂಹ'ವೆಂಬುದು ನೀರನ್ನು ಒಡೆದು ಆಮ್ಲಜನಕವನ್ನು ಬಿಡುಗಡೆಮಾಡುತ್ತದೆ. ಈ ಒಡೆಯುವ ಕೆಲಸವನ್ನು ನಡೆಸುವುದು ಮ್ಯಾಂಗನೀಸಿನ ನಾಲ್ಕು ಪರಮಾಣುಗಳುಳ್ಳ ಒಂದು ಗುಚ್ಛ. ಉಷ್ಣತೆ ಮಿತಿಮೀರಿದಾಗ ಪೊರೆ ಸಡಿಲಗೊಳ್ಳುತ್ತದೆ, ಗುಚ್ಛದಿಂದ ಮ್ಯಾಂಗನೀಸು ಕಳಚಿಕೊಳ್ಳುತ್ತದೆ, ಆಮ್ಲಜನಕದ ಉತ್ಪಾದನೆ ನಿಲ್ಲುತ್ತದೆ. ಎಲೆ ಬಾಡುವುದಕ್ಕೆ ಮುನ್ನವೇ, ಕಣ್ಣಿಗೆ ಅದು ಹಚ್ಚಗೆ ಕಾಣುತ್ತಿರುವಾಗಲೇ, ಒಳಗಿನ ಕಾರ್ಖಾನೆ ಕೆಟ್ಟಿರಬಹುದು.

ಕಾಣದ ಈ ಕೇಡನ್ನು ಅಳೆಯುವ ಉಪಾಯ ಸೊಗಸಾಗಿದೆ. ಎಲೆಯನ್ನು ಸುಮಾರು ಅರ್ಧ ಗಂಟೆ ಕತ್ತಲೆಯಲ್ಲಿಟ್ಟು, ಅನಂತರ ಅದರ ಮೇಲೆ ಕ್ಷಣಮಾತ್ರ ಪ್ರಖರವಾದ ಬೆಳಕನ್ನು ಹಾಯಿಸುತ್ತಾರೆ. ಆಗ ಪತ್ರಹರಿತ್ತು ಮಂದವಾದ ಕೆಂಪು ಬೆಳಕನ್ನು ಹೊರಸೂಸುತ್ತದೆ. ಅದರ ಏರಿಕೆಯಿಂದ ವ್ಯೂಹದ ದಕ್ಷತೆಯನ್ನು ಲೆಕ್ಕಹಾಕಬಹುದು. ಆರೋಗ್ಯವಂತ ಎಲೆಯಲ್ಲಿ ಈ ಸಂಖ್ಯೆ ಸುಮಾರು 0.83, ಇಳಿದಷ್ಟೂ ಎಲೆಗೆ ಪೆಟ್ಟು ಬಿದ್ದಿದೆಯೆಂದು ಅರ್ಥ.

2010ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಈ ಎರಡು ವೆಡೀಲಿಯಗಳನ್ನೂ ಹೀಗೆ ಪರೀಕ್ಷಿಸಿದರು. ಉಷ್ಣತೆಯನ್ನು ಏರಿಸುತ್ತ ಹೋದಂತೆ ಸ್ಥಳೀಯ ಸಸ್ಯದ ದಕ್ಷತೆ ಸ್ಪಷ್ಟವಾಗಿ ಕುಸಿಯಿತು. ಅದರ ವರ್ಣದ್ರವ್ಯವೂ ಕುಗ್ಗಿತು. ಜೀವಕೋಶಗಳ ಪೊರೆಯಿಂದ ಲವಣಗಳು ಹೆಚ್ಚಾಗಿ ಸೋರಿದುವು. ಪರದೇಶದ ಬಳ್ಳಿಯಾದರೋ ಹೆಚ್ಚುಕಡಿಮೆ ಮೊದಲಿನಂತೆಯೇ ಕೆಲಸ ನಡೆಸಿತು. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೂ ಅವಸರದ ತೀರ್ಮಾನ ಸಲ್ಲದು. ಬಳ್ಳಿಯ ತಾಳ್ಮೆ ಆಕ್ರಮಣಕಾರಿಯ ಗುಣವೋ ಅಥವಾ ಉಷ್ಣವಲಯದ ತವರಿನಿಂದ ತಂದ ಬಳುವಳಿಯೋ? ಒಂದೇ ಜೋಡಿಯ ಹೋಲಿಕೆಯಿಂದ ಇದು ಇತ್ಯರ್ಥವಾಗದು. ಬಿಸಿಯನ್ನು ತಾಳುವ ಬಳ್ಳಿ ಹಿಮಕ್ಕೆ ಅಂಜುತ್ತದೆ. ಅದರ ಹಬ್ಬುಗೆಗೆ ಬೇರೆ ಕಾರಣಗಳೂ ಇವೆ. ಅದರ ಕಾಂಡದ ಗೆಣ್ಣುಗೆಣ್ಣಿನಲ್ಲಿಯೂ ಬೇರು ಮೂಡುವುದರಿಂದ, ಕಿತ್ತೆಸೆದ ತುಂಡೂ ಹೊಸ ಗಿಡವಾಗುತ್ತದೆ. ಕೀಳುವವನೇ ಅದನ್ನು ನೆಟ್ಟಂತಾಗುತ್ತದೆ!

ಸ್ಥಳೀಯ ಸಸ್ಯಕ್ಕೆ ಇನ್ನೊಂದು ಕಂಟಕವೂ ಉಂಟು. ದಕ್ಷಿಣ ಚೀನದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಇವೆರಡರ ಪರಾಗ ಬೆರೆತು ಹುಟ್ಟಿದ ಸಂಕರ ಸಸ್ಯ ಸಿಕ್ಕಿದೆ. ಸಸ್ಯವಿಜ್ಞಾನಿಗಳು ಆ ಪ್ರಾಂತದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಪರದೇಶದ ಪರಾಗವನ್ನು ಪಡೆದ ಹೂವಿನಲ್ಲಿ ಅಪ್ಪಟ ಪೀತಭೃಂಗರಾಜದ ಬೀಜ ಕಟ್ಟುವುದಿಲ್ಲ.