ಹುಲ್ಲುಗಾವಲಿನ ಮಹಾಕಾವ್ಯಗಳು: ತುರ್ಕಿ ವೀರಕಥನ ಮತ್ತು ಬಯಲುಸೀಮೆಯ ಜುಂಜಪ್ಪ

ಕನ್ನಡ ಕಥನಪರಂಪರೆಗೆ 'ತುರುಕ' ಎಂಬ ಪದ ಹೊಸದಲ್ಲ. 1327ರ ಸುಮಾರಿಗೆ ದೆಹಲಿಯ ತುಘಲಕರ ಸೇನೆಗೆ ಕಂಪಿಲಿ ಬಿದ್ದ ನೆನಪನ್ನು ಕುಮಾರರಾಮನ ಕಥೆಗಳು ಶತಮಾನಗಳುದ್ದಕ್ಕೂ ಹೊತ್ತು ತಂದಿವೆ. ಆ ಕಥೆಗಳಲ್ಲಿ ತುರುಕನೆಂದರೆ ದಂಡೆತ್ತಿ ಬಂದವನು. ಆದರೆ ತುರ್ಕಿ ಭಾಷೆಗಳನ್ನಾಡುವ ಕಿರ್ಗಿಜ್, ಕಜಕ್, ಉಜ್ಬೆಕ್, ಅಲ್ತಾಯ್, ಯಾಕುತ್ ಮೊದಲಾದ ಜನಸಮುದಾಯಗಳಲ್ಲಿ ಬಹುಪಾಲು ಮೂಲತಃ ದನ, ಕುದುರೆ, ಕುರಿ ಕಾಯ್ದು ಬದುಕಿದವು. ಅವುಗಳ ಮೌಖಿಕ ಮಹಾಕಾವ್ಯಗಳನ್ನು ಕನ್ನಡದ ಪಶುಪಾಲಕ ಸಮುದಾಯಗಳ ಕಥನಗಳೊಂದಿಗೆ ಇರಿಸಿ ನೋಡಿದಾಗ ಏಳುವ ಕೆಲವು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು; ಅನಂತರ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಆಡಳಿತದ ಗೆರೆ ಬದಲಾದರೂ ಸೊಕ್ಕೆಯಂತಹ ಊರುಗಳ ಸುತ್ತಿನ ಮಳೆ ಕಡಿಮೆಯ ನೆಲವು ಸಾಂಸ್ಕೃತಿಕವಾಗಿ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಶಿರಾಗಳವರೆಗೆ ಹಬ್ಬಿದ ಪಶುಪಾಲಕ ವಲಯಕ್ಕೇ ಸೇರಿದೆ. ಕಾಡುಗೊಲ್ಲರು ಮತ್ತು ಮ್ಯಾಸಬೇಡರು ಈ ವಲಯದ ಪ್ರಮುಖ ಸಮುದಾಯಗಳು. ಹಟ್ಟಿ, ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿ ಇವು ಇಲ್ಲಿನ ಬದುಕಿನ ಆಧಾರಗಳು. ಜುಂಜಪ್ಪ, ಎತ್ತಪ್ಪ, ಗಾದರಿ ಪಾಲನಾಯಕರ ಕಥನಗಳು ಹುಟ್ಟಿ ಬೆಳೆದುದು ಈ ಆವರಣದಲ್ಲಿಯೇ.

ತುರ್ಕಿ ಮಹಾಕಾವ್ಯಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಕಿರ್ಗಿಜರ 'ಮಾನಸ್'. ಸಯಾಕ್‌ಬಾಯ್ ಕರಲಾಯೆವ್ (1894-1971) ಎಂಬ ಗಾಯಕನಿಂದ ದಾಖಲಾದ ಮಾನಸ್, ಅವನ ಮಗ ಸೆಮೆತೆಯ್, ಮೊಮ್ಮಗ ಸೆಯ್ತೆಕ್ ಈ ಮೂವರ ಕಥನವು ಐದು ಲಕ್ಷ ಸಾಲುಗಳನ್ನು ಮೀರುತ್ತದೆ. ಉಜ್ಬೆಕ್ ಮತ್ತು ಕಜಕರ 'ಅಲ್ಪಾಮಿಶ್', ಅಲ್ತಾಯರ 'ಮಾದಾಯ್-ಕಾರಾ', ಯಾಕುತರ 'ಓಲೊಂಖೊ', ಓಘುಜರ ಹನ್ನೆರಡು ಕಥೆಗಳ 'ದೆದೆ ಕೊರ್ಕುತ್' ಇವು ಇತರ ಮುಖ್ಯ ಕೃತಿಗಳು. ಹಾಡಿಕೆಯ ರೀತಿ ಎಲ್ಲೆಡೆ ಒಂದೇ ಅಲ್ಲ. ಮಾನಸ್ ಹಾಡುವವನಿಗೆ ವಾದ್ಯವಿಲ್ಲ. ಅಲ್ತಾಯ್ ಗಾಯಕನು ಎರಡು ತಂತಿಯ ತೊಪ್‌ಶೂರ್ ಮೀಟುತ್ತ ಗಂಟಲಾಳದ ದನಿಯಲ್ಲಿ ಹಾಡುತ್ತಾನೆ. ಜುಂಜಪ್ಪನ ಕಥನಕ್ಕೆ ಉದ್ದನೆಯ ಬಿದಿರಿನ ಗಣೆ ಒದಗುತ್ತದೆ. ಗಣೆಯನ್ನು ಕೇವಲ ಪಕ್ಕವಾದ್ಯವೆಂದು ಭಾವಿಸಲಾಗದು. ಅದು ದೇವರೊಂದಿಗೆ ಸಂಬಂಧ ಪಡೆದ ಪವಿತ್ರ ವಸ್ತು.

ಎರಡೂ ಪರಂಪರೆಗಳಲ್ಲಿ ಮೊದಲು ಎದ್ದು ಕಾಣುವ ಸಾಮ್ಯವೆಂದರೆ ನಾಯಕ ಮತ್ತು ಪ್ರಾಣಿಯ ನಂಟು. ಮಾನಸನಿಗೆ ಅಕ್ಕುಲಾ, ಅಲ್ಪಾಮಿಶನಿಗೆ ಬಾಯ್‌ಚಿಬಾರ್, ಕೊರೊಗ್ಲುವಿಗೆ ಕಿರಾತ್ ಎಂಬ ಕುದುರೆಗಳಿದ್ದರೆ ಜುಂಜಪ್ಪನಿಗೆ ಬಡಮೈಲ ಎಂಬ ಹೋರಿಯಿದೆ. ಪ್ರಾಣಿಯಿಲ್ಲದೆ ನಾಯಕನ ವ್ಯಕ್ತಿತ್ವವೇ ಪೂರ್ಣವಾಗದು. ಆದರೆ ಸಾಮ್ಯವನ್ನು ಗುರುತಿಸಿ ಅಲ್ಲಿಗೇ ನಿಂತರೆ ತೌಲನಿಕ ಅಧ್ಯಯನವು ಆಶಯಗಳ ಪಟ್ಟಿಯಾಗಿ ಮುಗಿಯುತ್ತದೆ. ಕುದುರೆಯು ನಾಯಕನನ್ನು ತನ್ನ ನೆಲದಿಂದ ಆಚೆಗೆ, ಶತ್ರುವಿನ ಸೀಮೆಗೆ ಒಯ್ಯುತ್ತದೆ. ಆದ್ದರಿಂದ ತುರ್ಕಿ ಕಥನಗಳಲ್ಲಿ ಮುಖ್ಯ ವೈರಿ ಹೊರಗಿನವನು. ಕಲ್ಮಿಕರು, ಖಿತಾಯರು ಆ ಸ್ಥಾನದಲ್ಲಿ ನಿಲ್ಲುತ್ತಾರೆ. ಚದುರಿದ ಕುಲಗಳನ್ನು ಒಂದುಗೂಡಿಸುವುದು ಮಾನಸನ ದೊಡ್ಡ ಸಾಧನೆ. ಹೋರಿಯಾದರೋ ಮಂದೆಯ ಮುಂದಾಳು. ಅದರ ಲೋಕ ನೀರು, ಮೇವು, ದೊಡ್ಡಿಗಳ ಲೋಕ. ಜುಂಜಪ್ಪನ ಸಂಘರ್ಷವೂ ಇದೇ ಲೋಕದೊಳಗಿನದು. ಅವನ ವೈರಿಗಳು ಸೋದರಮಾವಂದಿರು. ರಾಜ್ಯ ಕಟ್ಟುವ ಆಶಯ ಇಲ್ಲಿ ಗೌಣ. ಮಂದೆಯನ್ನು ಉಳಿಸಿಕೊಳ್ಳುವುದೇ ಪ್ರಧಾನ.

ಈ ವ್ಯತ್ಯಾಸವನ್ನು ಕೊರತೆಯೆಂದು ಬಗೆಯಬೇಕಾಗಿಲ್ಲ. ಮಹಾಕಾವ್ಯವೆಂದರೆ ಯುದ್ಧ, ಸಾಮ್ರಾಜ್ಯ, ಅಪಾರ ವಿಸ್ತಾರ ಎಂಬ ಕಲ್ಪನೆ ಹೋಮರನ ಕಾವ್ಯಗಳ ಓದಿನಿಂದ ರೂಪುಗೊಂಡುದು. ಮಾನಸಿನ ಸಾಲುಗಳ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿದರೆ ಕನ್ನಡದ ಕಥನಗಳು 'ಖಂಡಕಾವ್ಯ'ಗಳಾಗಿ ಕುಗ್ಗುತ್ತವೆ. ಅದಕ್ಕೂ ಮಿಗಿಲಾಗಿ, ಜುಂಜಪ್ಪನು ಕಥಾನಾಯಕನಷ್ಟೇ ಅಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ನೆಲೆಗೊಂಡ, ಹರಕೆ ಪಡೆಯುವ ದೈವ. ಮಾನಸನ ಚೇತನವು ಕನಸಿನಲ್ಲಿ ಬಂದು ಗಾಯಕನನ್ನು ಕರೆಯುತ್ತದೆಂಬ ನಂಬಿಕೆ ಕಿರ್ಗಿಜರಲ್ಲಿದೆ. ಅಲ್ಲಿ ದೈವಿಕತೆ ಗಾಯಕನ ದೀಕ್ಷೆಯಲ್ಲಿ ವ್ಯಕ್ತವಾದರೆ ಇಲ್ಲಿ ಅದು ಇಡೀ ಸಮುದಾಯದ ಆಚರಣೆಯಲ್ಲಿ ಹರಡಿಕೊಂಡಿದೆ. ಹೀಗಾಗಿ ಪಠ್ಯದ ಗಾತ್ರಕ್ಕಿಂತ ಅದು ಬದುಕಿನಲ್ಲಿ ನಿರ್ವಹಿಸುವ ಕಾರ್ಯವೇ ಮಹಾಕಾವ್ಯದ ನಿಜವಾದ ಲಕ್ಷಣವಾಗಬೇಕಾಗುತ್ತದೆ.

ಸಂಗ್ರಹದ ಪ್ರಶ್ನೆಗೂ ತುರ್ಕಿ ಉದಾಹರಣೆ ಬೆಳಕು ಚೆಲ್ಲುತ್ತದೆ. 1860ರ ದಶಕದಲ್ಲಿ ಕಿರ್ಗಿಜರ ನಡುವೆ ಕ್ಷೇತ್ರಕಾರ್ಯ ನಡೆಸಿದ ವಿ. ರಾದ್ಲೋಫ್ 1885ರಲ್ಲಿ ತನ್ನ ಸಂಗ್ರಹಕ್ಕೆ ಬರೆದ ಮುನ್ನುಡಿಯಲ್ಲಿ, ಗಾಯಕನು ಕಂಠಪಾಠವನ್ನು ಒಪ್ಪಿಸುವುದಿಲ್ಲ, ಸಿದ್ಧ ಘಟಕಗಳನ್ನು ಸಂದರ್ಭಕ್ಕೆ ತಕ್ಕಂತೆ ಜೋಡಿಸಿ ಆಯಾ ಹೊತ್ತಿಗೆ ಕಟ್ಟುತ್ತಾನೆ ಎಂದು ವಿವರಿಸಿದ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಮೌಖಿಕ ಸೂತ್ರ ಸಿದ್ಧಾಂತಕ್ಕೆ ಈ ಒಳನೋಟ ನೆರವಾಯಿತು. ರಾದ್ಲೋಫ್ ಗುರುತಿಸಿದ ಇನ್ನೊಂದು ಸಂಗತಿ ಅಷ್ಟೇ ಮುಖ್ಯ. ಅವನನ್ನು ರಷ್ಯದ ಅಧಿಕಾರಿಯೆಂದು ತಿಳಿದ ಗಾಯಕನು ಮಾನಸನನ್ನು ಬಿಳಿಯ ತ್ಸಾರನ ಮಿತ್ರನನ್ನಾಗಿ ಚಿತ್ರಿಸಿದ್ದ. ಸಂಗ್ರಾಹಕನ ಇರವೇ ಪಠ್ಯವನ್ನು ತಿದ್ದಿತ್ತು.

ಮುಂದೆ ಪ್ರಭುತ್ವವೂ ಈ ಕೆಲಸಕ್ಕೆ ಇಳಿಯಿತು. 1950ರ ದಶಕದ ಮೊದಲಲ್ಲಿ ಸೋವಿಯತ್ ಆಡಳಿತವು ಅಲ್ಪಾಮಿಶ್, ದೆದೆ ಕೊರ್ಕುತ್‌ಗಳನ್ನು ಪ್ರತಿಗಾಮಿ ಎಂದು ಹಳಿಯಿತು; ಮಾನಸಿನ 'ಜನಪರತೆ'ಯ ಕುರಿತು 1952ರಲ್ಲಿ ಫ್ರುಂಜೆ ನಗರದಲ್ಲಿ ಸಮಾವೇಶವೇ ನಡೆಯಿತು. ಅನಂತರ ಹಲವು ಪಾಠಗಳನ್ನು ಬೆರೆಸಿದ ಸಂಯೋಜಿತ ಆವೃತ್ತಿ ಹೊರಬಂದಿತು. ಸ್ವತಂತ್ರ ಕಿರ್ಗಿಜ್‌ಸ್ತಾನವು 1995ರಲ್ಲಿ ಮಾನಸಿನ ಸಹಸ್ರಮಾನೋತ್ಸವ ಆಚರಿಸಿತು. ಹಳಿದ ಕಾಲದಲ್ಲೂ ಹೊಗಳಿದ ಕಾಲದಲ್ಲೂ ಕಾವ್ಯದ ಅರ್ಥವನ್ನು ನಿರ್ಧರಿಸುವ ಯಜಮಾನಿಕೆ ಗಾಯಕನ ಕೈ ತಪ್ಪಿತ್ತು ಎಂಬುದು ಗಮನಾರ್ಹ.

ಕನ್ನಡದಲ್ಲಿ ಪ್ರಭುತ್ವದ ಇಂತಹ ನೇರ ಹಸ್ತಕ್ಷೇಪ ನಡೆದಿಲ್ಲ. ಕಾಡುಗೊಲ್ಲರನ್ನು ಕುರಿತ ತ.ನಂ. ಶಂಕರನಾರಾಯಣರ ಅಧ್ಯಯನ, ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹಾಡುಗಳನ್ನು ಕುರಿತ ಕೃಷ್ಣಮೂರ್ತಿ ಹನೂರರ ಕೆಲಸ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಜನಪದ ಮಹಾಕಾವ್ಯ ಪ್ರಕಟಣೆಗಳು ಹಾಡಿದವರನ್ನು ಮುನ್ನೆಲೆಗೆ ತಂದಿವೆ. ತುಳುವಿನ ಗೋಪಾಲ ನಾಯ್ಕರಿಂದ ದಾಖಲಿಸಿ ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದ ಸಿರಿ ಮಹಾಕಾವ್ಯವು ಒಬ್ಬ ಹಾಡುಗಾರನ ಒಂದು ಪಾಠವನ್ನು ಬೆರಕೆಯಿಲ್ಲದೆ ಮಂಡಿಸುವ ಮಾದರಿಯನ್ನು ಒದಗಿಸಿದೆ. ಈ ದಾರಿಯಲ್ಲಿ ಮುಂದುವರಿಯುವುದು ಅಗತ್ಯ. ಹಲವು ಹಟ್ಟಿಗಳ ಪಾಠಗಳನ್ನು ಬೆಸೆದು 'ಶುದ್ಧ' ಜುಂಜಪ್ಪನನ್ನು ಕಟ್ಟುವ ಪ್ರಯತ್ನ ಎಷ್ಟೇ ಸದುದ್ದೇಶದ್ದಾದರೂ ಸಂಯೋಜಿತ ಮಾನಸಿನ ದೋಷವನ್ನೇ ಮರುಕಳಿಸುತ್ತದೆ.

ಆದರೆ ಪಾಠವನ್ನು ಉಳಿಸಿದಮಾತ್ರಕ್ಕೆ ಕಾವ್ಯ ಉಳಿಯಲಾರದು. ಚಳ್ಳಕೆರೆ ತಾಲ್ಲೂಕಿನ ಸುಮಾರು 10,000 ಎಕರೆ ಅಮೃತಮಹಲ್ ಕಾವಲು 2009ರ ಈಚೆಗೆ ರಕ್ಷಣೆ, ವಿಜ್ಞಾನ ಸಂಸ್ಥೆಗಳೇ ಮೊದಲಾದವುಗಳ ಯೋಜನೆಗಳಿಗೆ ಹಂಚಿಕೆಯಾಯಿತು. ಬರಗಾಲದಲ್ಲಿ ದೇವರ ಎತ್ತುಗಳಿಗೆ ಮೇವು ಹೊಂದಿಸುವುದೇ ಕಿಲಾರಿಗಳಿಗೆ ದುಸ್ತರವಾಗುತ್ತದೆ. ಬಡಮೈಲನ ಬಣ್ಣನೆ ಕೇಳುಗನಿಗೆ ಅರ್ಥವಾಗುವುದು ಅವನ ಕಣ್ಣೆದುರು ಮಂದೆಯೊಂದು ಇರುವವರೆಗೆ. ಹುಲ್ಲುಗಾವಲು ಹೋದ ಮೇಲೆ ಉಳಿಯುವ ಜುಂಜಪ್ಪ ಪದಕೋಶದ ನೆರವಿನಿಂದ ಓದಬೇಕಾದ ಜುಂಜಪ್ಪ. ಆದ್ದರಿಂದ ಕಾವಲುಗಳ ಅಳಿವನ್ನು ಪರಿಸರ ಅಥವಾ ಕಂದಾಯದ ವಿಷಯವೆಂದು ಕನ್ನಡ ವಿಭಾಗಗಳು ಬದಿಗಿರಿಸಲಾಗದು. ಅದು ಪಠ್ಯವಿಮರ್ಶೆಯ ವಿಷಯವೂ ಹೌದು. ಗಾಯಕನ ಹೆಸರು, ಹಾಡಿದ ಸಂದರ್ಭಗಳ ಜೊತೆಗೆ ಹಟ್ಟಿಯ ಗೋಮಾಳ, ಎತ್ತುಗಳ ಸಂಖ್ಯೆ, ನೀರಿನ ನೆಲೆಗಳನ್ನೂ ದಾಖಲಿಸುವ ಕ್ಷೇತ್ರಕಾರ್ಯ ಜಗಳೂರು ಭಾಗದಲ್ಲಿ ನಡೆಯಬೇಕಾಗಿದೆ.