ಕ್ರಿಸ್ಮಸ್ ಹಬ್ಬದ ತಯಾರಿ ಮುಂಗಾರಿನಿಂದಲೇ



ಕೂರಿಗೆ ಹೂಡುವ ಜೂನ್ ತಿಂಗಳಲ್ಲಿ ಗುರುಗಳು ಕ್ರಿಸ್ಮಸ್ ಮಾತು ತೆಗೆದರಲ್ಲ ಎಂದು ನಗಬೇಡಿ. ಕಳೆದ ವಾರ ಅಕ್ಕಲಕೋಟ ಕಡೆಯ ಒಬ್ಬ ತಾಯಿ ನನ್ನ ಬಳಿ ಬಂದರು. ಬೀಜಕ್ಕೆಂದೂ ಮಗಳ ಶಾಲೆಗೆಂದೂ ಕೂಡಿಸಿಟ್ಟ ರೊಕ್ಕವೆಲ್ಲ ಬಡ್ಡಿಗೆ ಹೋಯಿತೆಂದು ಕಣ್ಣೀರು ಹಾಕಿದರು. "ಅದು ಯಾವ ಸಾಲ, ಅವ್ವಾ?" ಎಂದು ಕೇಳಿದೆ. "ಕ್ರಿಸ್ಮಸ್ ಸಾಲ ರೀ, ಫಾದರ್" ಎಂದರು. ಹಬ್ಬ ಮುಗಿದು ಆರು ತಿಂಗಳಾಗಿತ್ತು. ಅಸಲಿನಲ್ಲಿ ಒಂದು ರೂಪಾಯಿಯೂ ತೀರಿರಲಿಲ್ಲ. ಆದ್ದರಿಂದ ಈ ಸಲ ಇದೇ ನಮ್ಮ ಪಾಠ.

ಸಾಲದ ಲೆಕ್ಕ

ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ತಂದರೆ ತಿಂಗಳಿಗೆ 500, ಜೂನ್ ಹೊತ್ತಿಗೆ 3,000, ವರ್ಷಕ್ಕೆ 6,000 ಬಡ್ಡಿಯೇ ಆಯಿತು. ಅಸಲು ಹಾಗೆಯೇ ಉಳಿಯಿತು. ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ನಡೆಸುವುದು ಮಹಾರಾಷ್ಟ್ರದ 2014ರ ಸಾವುಕಾರಿ ನಿಯಂತ್ರಣ ಕಾಯಿದೆಯ ಪ್ರಕಾರ ಅಪರಾಧ. ಆದರೂ ಗರಜು ಬಿದ್ದಾಗ ನಾವೇ ಅವರ ಬಾಗಿಲಿಗೆ ಹೋಗುತ್ತೇವೆ.

ನಮ್ಮ ಸೀಮೆಯಲ್ಲಿ ಹಬ್ಬ ಬರುವ ಹೊತ್ತೂ ಅಂಥದೇ. ಉದ್ದು, ಹೆಸರು, ಸೋಯಾ ಮಾರಿದ ರೊಕ್ಕ ದೀಪಾವಳಿಯ ವೇಳೆಗೆ ಖರ್ಚಾಗಿರುತ್ತದೆ. ತೊಗರಿಯ ರಾಶಿ ಇನ್ನೂ ಆಗಿರುವುದಿಲ್ಲ. ಬಿಳಿಜೋಳ ಕೊಯ್ಲಿಗೆ ಬರುವುದು ಫೆಬ್ರವರಿಯ ಸುಮಾರಿಗೆ. ಸೊಲ್ಲಾಪುರದಲ್ಲಿ ಮಗ್ಗದ ಕೆಲಸಕ್ಕೆ ಹೋಗುವವರು, ಬೀಡಿ ಕಟ್ಟುವ ತಾಯಂದಿರು ವಾರದ ಕೂಲಿಯಲ್ಲಿ ಸಂಸಾರ ತೂಗಿಸುವವರು. ಒಂದು ವಾರದ ಕೂಲಿಯಲ್ಲಿ ಹಬ್ಬ ಆಗುವುದಿಲ್ಲ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಬೋಧಿಸಿದ್ದನ್ನು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಹಬ್ಬಕ್ಕೂ ಆ ಮಾತು ಸಲ್ಲುತ್ತದೆ.

ವಾರದ ಉಳಿತಾಯ

ಜೂನ್ ಮೊದಲ ಶನಿವಾರದಿಂದ ಡಿಸೆಂಬರ್ ಎರಡನೆಯ ಶನಿವಾರದವರೆಗೆ ಸುಮಾರು 28 ವಾರಗಳಿವೆ. ವಾರಕ್ಕೆ 100 ರೂಪಾಯಿ ತೆಗೆದಿಟ್ಟರೆ 2,800. 150 ಇಟ್ಟರೆ 4,200. ಇದನ್ನು ಮನೆಯ ಡಬ್ಬಿಯಲ್ಲಿಡಬೇಡಿ, ಕೈ ಹೋಗುತ್ತದೆ. ಬಚತ್ ಗಟದಲ್ಲಿ ಇಲ್ಲವೆ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಡಿ. ಭಿಶಿ ಹಾಕುವುದಾದರೆ ಚೆನ್ನಾಗಿ ಪರಿಚಯವಿದ್ದವರಲ್ಲಿ ಮಾತ್ರ ಹಾಕಿರಿ. ನಿಮ್ಮ ಸರದಿ ಡಿಸೆಂಬರಿಗೆ ಬರುವಂತೆ ಮೊದಲೇ ಕೇಳಿಕೊಳ್ಳಿ. ಎಷ್ಟು ಕೂಡಿತೋ ಅಷ್ಟೇ ಹಬ್ಬದ ಖರ್ಚು ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿಕೊಳ್ಳಬೇಕು.

ಹಿತ್ತಲಿನಿಂದ ಹಬ್ಬದ ಊಟ

ಹಬ್ಬದ ದಿನ ಕೋಳಿಗೆ ದೊಡ್ಡ ಬೆಲೆ ತೆರುವ ಬದಲು ಮನೆಯಲ್ಲೇ ಸಾಕಬಹುದು. ಜೂನ್ ಕೊನೆಗೆ ಜವಾರಿ ಕೋಳಿಯನ್ನು ಹತ್ತು ತತ್ತಿಗಳ ಮೇಲೆ ಕಾವಿಗೆ ಕೂಡಿಸಿರಿ. 21 ದಿನಕ್ಕೆ ಮರಿಗಳು ಹೊರಬರುತ್ತವೆ. ಐದು ತಿಂಗಳಲ್ಲಿ, ಅಂದರೆ ಡಿಸೆಂಬರ್ ನಡುವಿಗೆ, ಕಿಲೋ ತೂಕದ ಆಚೀಚೆ ಬರುತ್ತವೆ. ಹದ್ದು, ಬೆಕ್ಕು, ರೋಗಕ್ಕೆ ಕೆಲವು ಹೋದರೂ ನಾಲ್ಕೈದು ಉಳಿದರೆ ಸಾಕು. ರಾಣಿಖೇತ ರೋಗ ಬಂದರೆ ಮಾತ್ರ ಗೂಡೇ ಖಾಲಿಯಾಗುತ್ತದೆ. ಅದಕ್ಕೆ ಮೊದಲ ವಾರದಲ್ಲಿ ಒಮ್ಮೆ, ಎಂಟನೆಯ ವಾರದ ಸುಮಾರಿಗೆ ಮತ್ತೊಮ್ಮೆ ಲಸಿಕೆ ಹಾಕಿಸಬೇಕು. ದನದ ದವಾಖಾನೆಯಲ್ಲಿ ವಿಚಾರಿಸಿರಿ.

ಬಚ್ಚಲ ನೀರು ಹೋಗುವಲ್ಲಿ ಸೆಪ್ಟೆಂಬರಿನಲ್ಲಿ ಬದನೆ ಸಸಿ ಹಚ್ಚಿದರೆ ಹಬ್ಬಕ್ಕೆ ಕಾಯಿ ಬರುತ್ತದೆ. ನವೆಂಬರ್ ಮೂರನೆಯ ವಾರ ಮೆಂತ್ಯ ಬಿತ್ತಿದರೆ ಎಳೆಯ ಸೊಪ್ಪು ಸಿಗುತ್ತದೆ.

ಸಿಹಿ ಮತ್ತು ಆರೋಗ್ಯ

ಬೇಕರಿಯ ಬಣ್ಣದ ಕೇಕು ಇದ್ದರೇ ಕ್ರಿಸ್ಮಸ್ ಎಂದು ಯಾರೂ ಹೇಳಿಲ್ಲ. ಎಳ್ಳು, ಶೇಂಗಾ ಅಕ್ಟೋಬರ್ ಹೊತ್ತಿಗೆ ಬರುತ್ತವೆ, ಹೊಸ ಬೆಲ್ಲ ಡಿಸೆಂಬರಿಗೆ. ಶೇಂಗಾ ಹೋಳಿಗೆ, ಎಳ್ಳುಂಡೆ, ಕರ್ಚಿಕಾಯಿ ನಮ್ಮ ಮನೆಯವೇ. ಆದರೆ ಮೂರು ಎಚ್ಚರಿಕೆ:

1. ಶೇಂಗಾವನ್ನು ಚೆನ್ನಾಗಿ ಒಣಗಿಸಿ ಇಡಿ. ಬೂಸು ಹಿಡಿದ, ಕಪ್ಪಾದ ಕಾಳನ್ನು ಆರಿಸಿ ಎಸೆಯಿರಿ. ಅದರಲ್ಲಿನ ವಿಷ ಪಿತ್ತಜನಕಾಂಗಕ್ಕೆ ಕೆಡುಕು. ಹುರಿದರೂ ಪೂರ್ತಿ ಹೋಗುವುದಿಲ್ಲ.

2. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಬಳಸಬೇಡಿ.

3. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ನಡೆಯುತ್ತದೆಂಬುದು ತಪ್ಪು ತಿಳಿವಳಿಕೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಗುಳಿಗೆ ತಪ್ಪಿಸಬೇಡಿ.

ತಾಯಿಯೂ ಹಬ್ಬ ಮಾಡಲಿ

ನಡುರಾತ್ರಿಯ ಪೂಜೆಯಲ್ಲಿ ಎಷ್ಟೋ ತಾಯಂದಿರು ದಣಿದು ತೂಕಡಿಸುವುದನ್ನು ಪೀಠದಿಂದ ನೋಡಿದ್ದೇನೆ. ಎರಡು ದಿನ ಒಲೆಯ ಮುಂದೆಯೇ ಕಳೆದವರಿಗೆ ಇನ್ನೇನಾದೀತು? ನಾಲ್ಕು ಮನೆಯವರು ಕೂಡಿ, ಒಂದೊಂದು ದಿನ ಒಂದೊಂದು ಮನೆಯಲ್ಲಿ ಕರ್ಚಿಕಾಯಿ ಮಾಡಿರಿ. ಹಬ್ಬಕ್ಕೆ ವಾರದ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ. ನೀರು ತರುವುದು, ಮನೆ ಸಾರಿಸುವುದು, ಸುಣ್ಣ ಹಚ್ಚುವುದು ಗಂಡಸರಿಗೂ ಮಕ್ಕಳಿಗೂ ಇರಲಿ.

ಬಟ್ಟೆಯನ್ನು ಮಕ್ಕಳಿಗೆ ಮೊದಲು ಕೊಳ್ಳಿರಿ, ಮುಂದೆ ಊರಿಗೂ ಮದುವೆಗೂ ಉಡುವಂಥದನ್ನು. ವಯಸ್ಸಾದ ತಂದೆತಾಯಿಗೆ ಡಿಸೆಂಬರ್ ಚಳಿಯಲ್ಲಿ ಒಂದು ಸೊಲ್ಲಾಪುರಿ ಚಾದರಕ್ಕಿಂತ ಒಳ್ಳೆಯ ಕಾಣಿಕೆ ಇಲ್ಲ. ಗೋದಲಿಗೆ ಜೋಳದ ಕಣಿಕೆ, ಮಣ್ಣು, ಹುಲ್ಲು ಸಾಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ಗೋದಲಿ ಸಿದ್ಧಮಾಡಿಸಿದಾಗ ಅಲ್ಲಿದ್ದುದೂ ಹುಲ್ಲು, ಎತ್ತು, ಕತ್ತೆಗಳೇ.

ಮನೆಯಲ್ಲಿ ಕುಳಿತು ಮಾತನಾಡಿ

1. ಕಳೆದ ಕ್ರಿಸ್ಮಸ್‌ಗೆ ಎಷ್ಟು ಖರ್ಚಾಯಿತು? ಅದರಲ್ಲಿ ಸಾಲವೆಷ್ಟು, ಇನ್ನೂ ತೀರದೆ ಉಳಿದುದೆಷ್ಟು?

2. ನೆರೆಯವರು ನೋಡಲೆಂದು ಮಾಡಿದ ಖರ್ಚು ಯಾವುದು?

3. ಈ ಶನಿವಾರದಿಂದ ಎಷ್ಟು ತೆಗೆದಿಡಬಲ್ಲೆವು?

ಆ ತಾಯಿ ಬಚತ್ ಗಟಕ್ಕೆ ಹೆಸರು ಹಚ್ಚಿದ್ದಾರೆ. ಹಳೆಯ ಸಾಲ ತೀರಿಸಲು ದಾರಿ ಹುಡುಕುತ್ತಿದ್ದೇವೆ. ಬರುವ ಡಿಸೆಂಬರಿನಲ್ಲಿ ಹೊಸ ಸಾಲ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ನೀವೂ ಕೊಡಿರಿ. ಕೊಟ್ಟಿಗೆಯಲ್ಲಿ ಹುಟ್ಟಿದ ಬಾಲಯೇಸು ನಮ್ಮಿಂದ ಸಾಲದ ಸಡಗರ ಕೇಳುವುದಿಲ್ಲ. ದೇವರು ನಿಮ್ಮ ಮನೆಯನ್ನೂ ಬಿತ್ತಿದ ಹೊಲವನ್ನೂ ಆಶೀರ್ವದಿಸಲಿ.