ಇಳಿವಯಸ್ಸಿನ ಬುದ್ಧಿಯ ಆರೋಗ್ಯಕ್ಕೆ ಯಂತ್ರದ ನೆರವು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡಿಗರಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕನ್ನಡಕವನ್ನು ಇಟ್ಟ ಜಾಗ ಮರೆತಾಗ, ಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಂತಾಗ, ಮನೆಮಂದಿ ಹಿರಿಯರನ್ನು ಕುರಿತು ಈ ಮಾತನ್ನು ನಗುತ್ತ ಆಡುವುದುಂಟು. ಆದರೆ ಇಂದಿನ ವೈದ್ಯಶಾಸ್ತ್ರ ಈ ಗಾದೆಯನ್ನು ಪೂರ್ಣವಾಗಿ ಒಪ್ಪುವುದಿಲ್ಲ. ವಯಸ್ಸಾದಂತೆ ನೆನಪು ನಿಧಾನವಾಗುವುದು ಸಹಜ. ಬುದ್ಧಿಯೇ ಕುಸಿಯುವುದು ಸಹಜವಲ್ಲ. ಅದು ಡಿಮೆನ್ಷಿಯಾ ಎಂಬ ರೋಗದ ಲಕ್ಷಣ.

ಹೆಸರು ಮರೆತು ಸ್ವಲ್ಪ ಹೊತ್ತಿನ ಬಳಿಕ ನೆನಪಾದರೆ ಅದು ವಯಸ್ಸಿನ ಮರೆವು. ದಿನವೂ ನಡೆದ ದಾರಿ ತಪ್ಪುವುದು, ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತೋಚದಿರುವುದು ಮೊದಲಾದವು ಕಂಡುಬಂದರೆ ವೈದ್ಯರನ್ನು ಕಾಣಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ತಲೆದೋರುತ್ತದೆ. ಚಿಕಿತ್ಸೆಯಿಂದ ಅದು ಸುಧಾರಿಸಬಹುದು.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4 ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಹಿರಿಯರು ಡಿಮೆನ್ಷಿಯಾ ಪೀಡಿತರೆಂದು 2023 ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗವು 2024 ರಲ್ಲಿ ಈ ರೋಗಕ್ಕೆ ದಾರಿ ಮಾಡುವ 14 ಕಾರಣಗಳನ್ನು ಗುರುತಿಸಿ, ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡಾ 45 ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳ ಜೊತೆಗೆ ಕಿವಿ ಮಂದವಾಗುವುದು, ದೃಷ್ಟಿ ಕುಂದುವುದು, ಜನಸಂಪರ್ಕವಿಲ್ಲದ ಒಂಟಿತನ ಇವೂ ಆ ಪಟ್ಟಿಯಲ್ಲಿವೆ.

ಮಿದುಳಿನ ಮೀಸಲು ನಿಧಿ

ಜೀವನವಿಡೀ ಕಲಿತದ್ದು, ಆಡಿದ್ದು, ಚಿಂತಿಸಿದ್ದು ಮಿದುಳಿನಲ್ಲಿ ಒಂದು ಬಗೆಯ ಮೀಸಲು ನಿಧಿಯಾಗಿ ಉಳಿಯುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. ಹೆಚ್ಚು ಮೀಸಲು ಉಳ್ಳವರಲ್ಲಿ ರೋಗ ಒಳಗೊಳಗೇ ಬೆಳೆದರೂ ಅದರ ಲಕ್ಷಣಗಳು ತಡವಾಗಿ ಹೊರಬೀಳುತ್ತವೆ. ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು 2013 ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು; ಓದುಬರಹ ಬಾರದವರಲ್ಲಿಯೂ ಈ ಅಂತರವಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ ಆಡಿ ಬಾಳಿದ ಹೊರನಾಡ ಕನ್ನಡಿಗರಿಗೆ ಇದು ಸಮಾಧಾನ ತರುವ ಮಾತು. ಆದರೆ ಮೀಸಲು ನಿಧಿಗೆ ಮುಪ್ಪಿನಲ್ಲಿಯೂ ಜಮೆ ಆಗುತ್ತಿರಬೇಕು.

ಉತ್ತರ ಬೇಡುವ ಯಂತ್ರ

ರೇಡಿಯೋ ಮತ್ತು ದೂರದರ್ಶನ ಹೇಳುತ್ತವೆ, ನಾವು ಕೇಳುತ್ತೇವೆ. ಮೊಬೈಲು, ಟ್ಯಾಬ್ಲೆಟ್, ಕಂಪ್ಯೂಟರುಗಳು ಬೇಕೆಂದಾಗ ನಮ್ಮಿಂದ ಉತ್ತರವನ್ನೂ ಬೇಡುತ್ತವೆ. ಈ ಕೊಡುಕೊಳ್ಳುವ ಗುಣವನ್ನು ಬುದ್ಧಿಯ ವ್ಯಾಯಾಮಕ್ಕೆ ಬಳಸಬಹುದೇ ಎಂಬುದನ್ನು ಅಮೆರಿಕದಲ್ಲಿ ವಿಸ್ತಾರವಾಗಿ ಪರೀಕ್ಷಿಸಲಾಗಿದೆ. ‘ಆ್ಯಕ್ಟಿವ್’ ಎಂಬ ಆ ಅಧ್ಯಯನದಲ್ಲಿ 65 ವರ್ಷ ಮೀರಿದ 2,832 ಹಿರಿಯರು ಪಾಲ್ಗೊಂಡರು. ಒಂದು ಗುಂಪಿಗೆ ಸ್ಮರಣೆಯ, ಇನ್ನೊಂದಕ್ಕೆ ತರ್ಕದ, ಮೂರನೆಯದಕ್ಕೆ ಕಂಪ್ಯೂಟರಿನ ಮೂಲಕ ಗ್ರಹಿಕೆಯ ವೇಗದ ಅಭ್ಯಾಸ. ನಾಲ್ಕನೆಯ ಗುಂಪಿಗೆ ಯಾವ ಅಭ್ಯಾಸವೂ ಇಲ್ಲ. ವೇಗದ ಅಭ್ಯಾಸದಲ್ಲಿ ಪರದೆಯ ನಡುವೆ ಕ್ಷಣಮಾತ್ರ ಮಿಂಚುವ ಚಿತ್ರವನ್ನು ಗುರುತಿಸಬೇಕು, ಅದೇ ಕ್ಷಣದಲ್ಲಿ ಅಂಚಿನಲ್ಲಿ ಮೂಡಿದ ಇನ್ನೊಂದರ ಜಾಗವನ್ನೂ ಹೇಳಬೇಕು. ಕೈ ಪಳಗಿದಂತೆ ಕೆಲಸ ಕಠಿಣವಾಗುತ್ತಿತ್ತು.

ಐದಾರು ವಾರಗಳಲ್ಲಿ ನಡೆದದ್ದು ಹತ್ತು ಪಾಠ. ಕೆಲವರಿಗೆ ಮುಂದೆ ಪುನರಾವರ್ತನೆಯ ಪಾಠಗಳೂ ದೊರೆತವು. ಹತ್ತು ವರ್ಷಗಳ ಬಳಿಕ ಪರೀಕ್ಷಿಸಿದಾಗಲೂ ತರ್ಕ ಮತ್ತು ವೇಗದ ಅಭ್ಯಾಸಗಳ ಫಲ ಉಳಿದಿತ್ತೆಂದು 2014 ರಲ್ಲಿ ಪ್ರಕಟವಾಯಿತು. ಸ್ಮರಣೆಯ ಅಭ್ಯಾಸದ ಫಲ ಉಳಿದಿರಲಿಲ್ಲ. ತರ್ಕವನ್ನು ಅಭ್ಯಸಿಸಿದವರ ತರ್ಕ ಚುರುಕಾಯಿತು, ವೇಗವನ್ನು ಅಭ್ಯಸಿಸಿದವರ ವೇಗ ಹೆಚ್ಚಿತು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಆದುದರಿಂದ ಒಂದೇ ಆಟವನ್ನು ವರ್ಷಗಟ್ಟಲೆ ಆಡಿದರೆ ಆ ಆಟದಲ್ಲಿ ನಿಪುಣತೆ ಬರಬಹುದೇ ಹೊರತು ಬುದ್ಧಿಯೆಲ್ಲ ಬೆಳಗುವುದಿಲ್ಲ.

ವ್ಯಾಪಾರಿಗಳು ಈ ಮಿತಿಯನ್ನು ಹೇಳುವುದಿಲ್ಲ. ‘ಲುಮಾಸಿಟಿ’ ಎಂಬ ಮಿದುಳಿನ ಆಟಗಳ ಕಂಪನಿ ಮುಪ್ಪಿನ ಮರೆವನ್ನು ತಡೆಯುವುದಾಗಿ ಸಾಕಷ್ಟು ಆಧಾರವಿಲ್ಲದೆ ಜಾಹೀರಾತು ನೀಡಿತೆಂಬ ಆರೋಪವನ್ನು ಅಮೆರಿಕದ ವ್ಯಾಪಾರ ಆಯೋಗ ಹೊರಿಸಿತು. 2016 ರಲ್ಲಿ ಕಂಪನಿ 20 ಲಕ್ಷ ಡಾಲರ್ ತೆತ್ತು ರಾಜಿಯಾಯಿತು.

ಮಾತೇ ಮದ್ದು

ಯಂತ್ರದ ಅತ್ಯುತ್ತಮ ಉಪಯೋಗ ಆಟಕ್ಕಿಂತ ಮಾತಿನಲ್ಲಿ ಇರಬಹುದು. ಅಮೆರಿಕದ ‘ಐ-ಕನೆಕ್ಟ್’ ಅಧ್ಯಯನದಲ್ಲಿ 75 ವರ್ಷ ದಾಟಿದ, ಜನಸಂಪರ್ಕ ಕಡಿಮೆಯಿದ್ದ 186 ಹಿರಿಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರೊಡನೆ ತರಬೇತಿ ಪಡೆದವರು ವಾರಕ್ಕೆ ನಾಲ್ಕು ಸಲ, ಅರ್ಧ ಗಂಟೆಯಂತೆ, ವೀಡಿಯೋ ಕರೆಯಲ್ಲಿ ಮಾತನಾಡಿದರು. ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಚಿಕ್ಕದೊಂದು ದೂರವಾಣಿ ಕರೆ ಮಾತ್ರ. ಆರು ತಿಂಗಳ ಬಳಿಕ ಬುದ್ಧಿಯ ಪರೀಕ್ಷೆಯಲ್ಲಿ ಮೊದಲ ಗುಂಪಿನವರು ಮುಂದಿದ್ದರು. ಮಾತೆಂದರೆ ಸಣ್ಣ ಶ್ರಮವಲ್ಲ. ಕೇಳಿದ್ದನ್ನು ಹಿಡಿದಿಡಬೇಕು, ಪದ ಹುಡುಕಬೇಕು, ಎದುರಿನವರ ಮುಖಭಾವ ಓದಬೇಕು, ಹಳೆಯದನ್ನು ನೆನಪಿನಿಂದ ಎತ್ತಿ ತರಬೇಕು.

ಈ ಮಾತು ಹೊರನಾಡಿನ ಮನೆಗಳನ್ನು ನೇರವಾಗಿ ತಟ್ಟುತ್ತದೆ. ಮಕ್ಕಳ ಆಸರೆಗೆಂದು ಊರು ಬಿಟ್ಟು ಮುಂಬಯಿ, ದೆಹಲಿಗಳ ಫ್ಲಾಟುಗಳಿಗೆ ಬಂದ ತಾಯಿತಂದೆಯರಿಗೆ ನೆರೆಯವರ ಭಾಷೆ ಬಾರದು. ಮಗ, ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಸಂಜೆಯವರೆಗೆ ಅವರ ಬಾಯಿಂದ ಒಂದು ವಾಕ್ಯವೂ ಹೊರಡದ ದಿನಗಳುಂಟು. ಕೈಯಲ್ಲಿ ಮೊಬೈಲು ಇದ್ದರೂ ಅದು ಬಂದ ಚಿತ್ರವನ್ನು ಮುಂದಕ್ಕೆ ತಳ್ಳುವುದಕ್ಕಷ್ಟೇ ಬಳಕೆಯಾದರೆ ಅದೂ ಒಂದು ದೂರದರ್ಶನವೇ ಸರಿ.

ಆಚರಣೆಯ ಕ್ರಮ

1. ಮೊದಲು ಕಿವಿ, ಕಣ್ಣುಗಳನ್ನು ಪರೀಕ್ಷಿಸಿಕೊಳ್ಳಬೇಕು. ಕೇಳದ ಕಿವಿಗೆ ವೀಡಿಯೋ ಕರೆ ಹಿಂಸೆಯಾಗುತ್ತದೆ. ಮೊಬೈಲಿನ ಅಕ್ಷರವನ್ನು ದೊಡ್ಡದಾಗಿಸಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡಬೇಕು.

2. ಕಲಿಸುವವರು ಹಿರಿಯರ ಕೈಯಿಂದ ಫೋನು ಕಸಿದು ತಾವೇ ಒತ್ತಬಾರದು. ದಿನಕ್ಕೆ ಒಂದೇ ಪಾಠ. ಅವರ ಬೆರಳೇ ಒತ್ತಲಿ. ಹೊಸದನ್ನು ಕಲಿಯುವುದೇ ಒಂದು ವ್ಯಾಯಾಮ.

3. ಪದಬಂಧ, ಚದುರಂಗ, ಸುಡೊಕು ಇವುಗಳಲ್ಲಿ ಬದಲಾವಣೆ ಇರಲಿ. ಸುಲಭವಾದ ಕೂಡಲೇ ಮೇಲಿನ ಮಟ್ಟಕ್ಕೆ ಏರಬೇಕು.

4. ವಾರದಲ್ಲಿ ಮೂರು ನಾಲ್ಕು ದಿನ, ನಿಗದಿತ ವೇಳೆಗೆ, ಊರಿನ ಬಂಧುಗಳೊಡನೆ ಅಥವಾ ಗೆಳೆಯರೊಡನೆ ಮುಖ ನೋಡಿ ಮಾತನಾಡಬೇಕು. ‘ಊಟವಾಯಿತೇ’ ಎಂಬಲ್ಲಿಗೆ ನಿಲ್ಲದೆ ಒಂದು ಹಳೆಯ ಭಾವಚಿತ್ರ ಅಥವಾ ಹಬ್ಬದ ಅಡುಗೆ ಮಾತಿನ ವಿಷಯವಾಗಲಿ.

5. ಒಂದೇ ಸಮನೆ ಕುಳಿತಿರಬಾರದು. ಫಿನ್‌ಲೆಂಡಿನಲ್ಲಿ 1,260 ಹಿರಿಯರ ಮೇಲೆ ಎರಡು ವರ್ಷ ನಡೆದು 2015 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಲ ದೊರೆತದ್ದು ಆಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದೊತ್ತಡದಂತಹ ಅಪಾಯಗಳ ತಪಾಸಣೆ ಎಲ್ಲವೂ ಕೂಡಿದಾಗ.

6. ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಪೊಲೀಸರೆಂದು ಹೆದರಿಸುವ ಕರೆಯನ್ನು ಕೂಡಲೇ ಕತ್ತರಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಕ್ಕೆ ಕರೆ ಮಾಡಬೇಕು.

ಕನ್ನಡ ಸಂಘಗಳಿಗೂ ಇಲ್ಲಿ ಕರ್ತವ್ಯವಿದೆ. ರಾಜ್ಯೋತ್ಸವ, ಯುಗಾದಿಗಳಿಗೆ ಮಾತ್ರ ಕಲೆಯುವ ಸದಸ್ಯರು ಹೆಸರು ಬರೆಸಿಕೊಂಡು ತಲಾ ಒಬ್ಬ ಹಿರಿಯರೊಡನೆ ವಾರಕ್ಕೆ ಎರಡು ಬಾರಿ ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡುವ ಹೊಣೆ ಹೊತ್ತರೆ ಅದಕ್ಕೆ ಕಟ್ಟಡ ಬೇಡ, ನಿಧಿ ಬೇಡ. ಯಂತ್ರ ಕೇವಲ ಸೇತುವೆ. ಆಚೆ ದಡದಲ್ಲಿ ಒಬ್ಬ ಮನುಷ್ಯ ಕಾದಿರಬೇಕು. ಹಾಗಾದರೆ ಅರವತ್ತು ಕಳೆದ ಬುದ್ಧಿಯೂ ಅರಳೀತು. ಮರುಳೆಂಬ ಮಾತು ಗಾದೆಯಲ್ಲಿಯೇ ಉಳಿದೀತು.